ಬಾಡಿಗೆಗೆ ಬಿಡಲು ಮನೆ ಕೊಳ್ಳುವ ಮುನ್ನ



ಹಿಂದೂಪುರ, ಕಲ್ಯಾಣದುರ್ಗದಲ್ಲಿ ಮನೆ ಕೊಂಡು ಬಾಡಿಗೆಗೆ ಬಿಡುವ ಬಗ್ಗೆ ಪಾವಗಡ, ಗೌರಿಬಿದನೂರು ಕಡೆಯ ಸದಸ್ಯರು ನಮ್ಮನ್ನು ವಿಚಾರಿಸುತ್ತಿರುತ್ತಾರೆ. ಇಲ್ಲಿ ಮಾತುಕತೆ ಕನ್ನಡದಲ್ಲೇ ನಡೆದರೂ ಕಾಗದಪತ್ರ ತೆಲುಗಿನಲ್ಲಿರುತ್ತದೆ. ಲಿಪಿ ಹತ್ತಿರವಾದ್ದರಿಂದ ಓದಲು ಬರುತ್ತದೆ, ಅರ್ಥ ತಪ್ಪುತ್ತದೆ.

ಮೊದಲು ಸರ್ವೆ ನಂಬರು 22-ಎ ನಿಷೇಧಿತ ಪಟ್ಟಿಯಲ್ಲಿದೆಯೇ ನೋಡಿ. ಸರ್ಕಾರದ, ದೇವಸ್ಥಾನದ ಜಮೀನುಗಳು ಅದರಲ್ಲಿರುತ್ತವೆ. ಪಟ್ಟಿಯಲ್ಲಿರುವವರೆಗೆ ನೋಂದಣಿ ಆಗದು. ಸ್ಟಾಂಪ್ ಕಾಗದದಲ್ಲಿ ಬರೆದುಕೊಟ್ಟರೆಂದು ಹಣ ಕೊಡಬೇಡಿ.

ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ, ಬಾಯಿಮಾತಿನ ಪಾಲು ಕಾಣದು. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಇರಲಿ.

ನೋಂದಣಿಯಾದ ಮೇಲೆ ಮುನಿಸಿಪಾಲಿಟಿಯ ಮನೆ ತೆರಿಗೆ, ಕರೆಂಟ್ ಮೀಟರು ಎರಡನ್ನೂ ನಿಮ್ಮ ಹೆಸರಿಗೆ ಮಾಡಿಸಿ. ತೆರಿಗೆ ಆರು ತಿಂಗಳಿಗೊಮ್ಮೆ ಬರುತ್ತದೆ.

ಇಲ್ಲಿ ಬಾಡಿಗೆ ಕರಾರು ಎಷ್ಟೇ ಅವಧಿಯದ್ದಾದರೂ ನೋಂದಣಿ ಕಡ್ಡಾಯ.  ದೂರದಲ್ಲಿರುವವರು ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ಲೆಕ್ಕ ಉಳಿಯುತ್ತದೆ. ರಿಪೇರಿ, ಖಾಲಿ ಬೀಳುವ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ತೆಲುಗು ಬಲ್ಲ ವಕೀಲರಿಂದ ಕಾಗದ ಓದಿಸಿ, ಆಮೇಲೆ ಅಡ್ವಾನ್ಸ್ ಕೊಡಿ. ಅವರ ಫೀಸು ಸಣ್ಣದು, ಕಳೆದುಕೊಳ್ಳುವುದು ಜೀವಮಾನದ ಉಳಿತಾಯ.