ಸಿಂಗಳೀಕ ಮತ್ತು ನೀಲಗಿರಿ ಮುಸುವ: ಎರಡು ಕರಿಯ ಕೋತಿಗಳ ಹೋಲಿಕೆ

ನೀಲಗಿರಿ, ವಯನಾಡುಗಳ ಕಾಡಂಚಿನ ಮಕ್ಕಳು ತರಗತಿಗೆ ತರುವ ‘ಕರಿಯ ಕೋತಿ’ ಎಂಬ ಮಾತಿನಲ್ಲಿ ಎರಡು ಪ್ರಭೇದಗಳು ಅಡಗಿರಬಹುದು. ತಮಿಳಿನ ‘ಕರುಂಗುರಂಗು’ ಎಂಬುದು ನೀಲಗಿರಿ ಮುಸುವ, ಅಂದರೆ ನೀಲಗಿರಿ ಲಂಗೂರ್. ಮಲಯಾಳದ ‘ಸಿಂಹವಾಲನ್’ ನಮ್ಮ ಸಿಂಗಳೀಕ. ಈ ಹೆಸರುಗಳನ್ನು ಮೊದಲು ಬಿಡಿಸಿಕೊಂಡರೆ ಪಾಠ ಸುಗಮವಾಗುತ್ತದೆ.

ವರ್ಗೀಕರಣ

ಎರಡೂ ಸ್ತನಿ ವರ್ಗದ, ಪ್ರೈಮೇಟ್ ಗಣದ, ಸರ್ಕೊಪಿಥೆಸಿಡೀ ಕುಟುಂಬದ ಪ್ರಾಣಿಗಳು. ಉಪಕುಟುಂಬದ ಹಂತದಲ್ಲಿ ಅವು ಬೇರೆಯಾಗುತ್ತವೆ. ಸಿಂಗಳೀಕವು (ಮಕಾಕಾ ಸೈಲೀನಸ್) ಊರಿನ ಕೋತಿಯ ಜಾತಿಗೇ ಸೇರಿದೆ. ಅದರ ಮುಖದ ಸುತ್ತ ಬೂದು ಬಣ್ಣದ ಕೇಸರವೂ ಬಾಲದ ತುದಿಯಲ್ಲಿ ಕುಚ್ಚೂ ಇವೆ. ಹಣ್ಣು, ಕೀಟಗಳನ್ನು ತಿನ್ನುವ ಅದಕ್ಕೆ ಆಹಾರವನ್ನು ತುಂಬಿಕೊಳ್ಳಲು ಕೆನ್ನೆಚೀಲಗಳಿವೆ. ನೀಲಗಿರಿ ಮುಸುವವು (ಸೆಮ್ನೋಪಿಥೆಕಸ್ ಜಾನಿಯೈ) ಹನುಮಾನ್ ಲಂಗೂರಿನ ಬಂಧು. ಅದರ ಮೈ ಹೊಳೆಯುವ ಕಪ್ಪು, ತಲೆಗೂದಲು ಹಳದಿ ಮಿಶ್ರಿತ ಕಂದು, ಬಾಲ ನೀಳ. ಅದಕ್ಕೆ ಕೆನ್ನೆಚೀಲವಿಲ್ಲ; ಹಲವು ಕೋಣೆಗಳ ಜಠರದಲ್ಲಿ ಸೂಕ್ಷ್ಮಜೀವಿಗಳು ಎಲೆಯ ನಾರನ್ನು ಹುದುಗಿಸಿ ಜೀರ್ಣಗೊಳಿಸುತ್ತವೆ. ಹಿಂದೆ ಇದನ್ನು ಟ್ರಾಕಿಪಿಥೆಕಸ್ ಜಾತಿಯಲ್ಲಿ ಇರಿಸಿದ್ದರು. ವಂಶವಾಹಿಗಳ ಅಧ್ಯಯನದ ಬಳಿಕ ಸ್ಥಾನ ಬದಲಾಯಿತು. ಬಣ್ಣದ ಸಾಮ್ಯವೇ ರಕ್ತಸಂಬಂಧವಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನ.

ಸಂರಕ್ಷಣಾ ಸ್ಥಿತಿ

ಎರಡೂ ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಮಾತ್ರ ಸಹಜವಾಗಿ ಬದುಕುತ್ತವೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಸಿಂಗಳೀಕವು ‘ಅಳಿವಿನಂಚಿನ’ ಪ್ರಭೇದ. ಮುಸುವವು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಅಪಾಯಕ್ಕೀಡಾಗಬಲ್ಲ’ ಪ್ರಭೇದ. ಸಿಂಗಳೀಕವು ನೆಲಕ್ಕಿಳಿಯುವುದು ವಿರಳ. ತೋಟ, ರಸ್ತೆಗಳಿಂದ ಕಾಡು ತುಂಡಾದಾಗ ಅದರ ಗುಂಪುಗಳು ಒಂದೊಂದು ತುಂಡಿನಲ್ಲೇ ಸಿಕ್ಕಿಬೀಳುತ್ತವೆ. ಹೆರಿಗೆಗಳ ನಡುವಿನ ಅಂತರವೂ ದೀರ್ಘ. ಮುಸುವಕ್ಕೆ ಆವಾಸನಾಶದೊಡನೆ ಬೇಟೆಯ ಕಾಟವೂ ಇದೆ. ಅದರ ಮಾಂಸ ಔಷಧವೆಂಬ ಆಧಾರವಿಲ್ಲದ ನಂಬಿಕೆ ಅದರ ಜೀವಕ್ಕೆ ಎರವಾಗಿದೆ. ಪಟ್ಟಿಯಲ್ಲಿ ಸ್ಥಾನ ಬೇರೆಯಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಎರಡೂ ಇವೆ.

ತರಗತಿಯಲ್ಲಿ

ಕರಿಹಲಗೆಯ ಮೇಲೆ ಮೂರು ಪ್ರಶ್ನೆಗಳನ್ನು ಬರೆಯಿರಿ: ಇದು ಯಾರ ಬಂಧು? ಇದಕ್ಕೆ ಎಷ್ಟು ಅಪಾಯವಿದೆ? ಕಾನೂನು ಏನನ್ನುತ್ತದೆ? ಮೊದಲನೆಯದಕ್ಕೆ ವರ್ಗೀಕರಣ, ಎರಡನೆಯದಕ್ಕೆ ಕೆಂಪುಪಟ್ಟಿ, ಮೂರನೆಯದಕ್ಕೆ ಅನುಸೂಚಿ ಉತ್ತರ ನೀಡುತ್ತವೆ. ವಿದ್ಯಾರ್ಥಿಗಳು ಈ ಮೂರನ್ನೂ ಒಂದೆಂದು ಭಾವಿಸುವುದುಂಟು. ಮನೆಯಲ್ಲಿ ಕೇಳಿದ ಹೆಸರುಗಳನ್ನೂ ನಂಬಿಕೆಗಳನ್ನೂ ಅವರಿಂದಲೇ ಹೇಳಿಸಿ, ಹಳಿಯದೆ ಪರಿಶೀಲಿಸಿರಿ. ಮುಸುವದ ಮಾಂಸ ಮದ್ದಲ್ಲವೆಂದು ಅರಿತ ಮಗು ಆ ಮಾತನ್ನು ಮನೆಗೂ ಒಯ್ಯುತ್ತದೆ.