ಸೂರಕ್ಕಿ ಮತ್ತು ಕಣಗಿಲೆ ಪತಂಗ

ಹೂವಿನ ಮುಂದೆ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತ ಪುಟ್ಟ ಜೀವಿ ಕಂಡರೆ ‘ಹಮ್ಮಿಂಗ್ ಬರ್ಡ್’ ಎನ್ನುವವರು ನಮ್ಮಲ್ಲಿ ಬಹಳ. ಆ ಹಕ್ಕಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಗಲಲ್ಲಿ ದಾಸವಾಳಕ್ಕೆ ಬರುವುದು ಸೂರಕ್ಕಿ. ಕತ್ತಲಾಗುವಾಗ ಪರಿಮಳದ ಹೂಗಳಿಗೆ ಬರುವುದು ಹಾಕ್ ಮಾತ್ ಗುಂಪಿನ ಪತಂಗ. ಅವುಗಳಲ್ಲಿ ಹಸಿರು ಬಣ್ಣದ ಕಣಗಿಲೆ ಪತಂಗ ಬಲು ಚೆಂದ.

ಗಾತ್ರ ನೋಡಿದರೆ ಮೋಸಹೋಗುವುದು ಸಹಜ. ಸೂರಕ್ಕಿಯ ಉದ್ದ 10 ಸೆಂ.ಮೀ. ಒಳಗೆ, ಪತಂಗದ ರೆಕ್ಕೆಯ ಹರವೂ ಸುಮಾರು ಅಷ್ಟೇ. ಆದರೆ ಸೂರಕ್ಕಿ ಹೆಚ್ಚಾಗಿ ಕೊಂಬೆಯ ಮೇಲೆ ಕೂತು ಮಕರಂದ ಹೀರುತ್ತದೆ, ನಡುನಡುವೆ ಚೀಂವ್‌ಗುಟ್ಟುತ್ತದೆ. ಪತಂಗ ಕೂರುವುದಿಲ್ಲ, ಹಾಡುವುದೂ ಇಲ್ಲ. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ಸೊಂಡಿಲು ಬಿಚ್ಚಿ, ನಿಂತಲ್ಲೇ ಹಾರುತ್ತ ಕುಡಿಯುತ್ತದೆ.

ದ್ವಿತೀಯ ಪಿಯುಸಿಯವರು ವಿಕಾಸದ ಪಾಠವನ್ನು ನೆನೆಯಿರಿ. ಸೂರಕ್ಕಿಯ ರೆಕ್ಕೆಯೊಳಗೆ ಮೂಳೆಗಳಿವೆ. ನಮ್ಮ ತೋಳಿನ ಮೂಳೆಗಳ ಕ್ರಮವೇ ಅಲ್ಲಿಯೂ. ಪತಂಗದ ರೆಕ್ಕೆಯಲ್ಲಿ ಒಂದು ಮೂಳೆಯೂ ಇಲ್ಲ. ಅದು ಪುಡಿಯಂಥ ಹುರುಪೆ ಹೊದ್ದ ತೆಳು ಪೊರೆ. ಆದ್ದರಿಂದ ಹಕ್ಕಿಯ ರೆಕ್ಕೆಗೆ ನಮ್ಮ ಕೈ ಹತ್ತಿರದ ನಂಟು, ಪತಂಗದ ರೆಕ್ಕೆ ಬರೀ ಕೆಲಸದಲ್ಲಿ ಜೊತೆಗಾರ. ‘ಕಾರ್ಯಾನುರೂಪಿ’ ಎನ್ನುವುದು ಇದನ್ನೇ.

ಇನ್ನೊಂದು ವಿಚಾರ ನನಗೆ ಇದಕ್ಕಿಂತ ಸೋಜಿಗ. ಹಕ್ಕಿಯದು ಸದಾ ಬಿಸಿ ರಕ್ತ. ಹಾಕ್ ಮಾತ್‌ಗೆ ಆ ಅನುಕೂಲವಿಲ್ಲ. ಹಾರುವ ಮುನ್ನ ಅದು ಕೂತಲ್ಲೇ ರೆಕ್ಕೆ ನಡುಗಿಸಿ ಎದೆಯ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಬೈಕನ್ನು ಬಿಸಿ ಮಾಡುತ್ತೇವಲ್ಲ, ಹಾಗೆ.

ಸೂರಕ್ಕಿ ಜೇಡರ ಬಲೆಯ ನೂಲಿನಿಂದ ಜೋಲುವ ಗೂಡು ಹೆಣೆದು, ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟು ಮರಿಗಳನ್ನು ಸಾಕುತ್ತದೆ. ಪತಂಗವೋ, ಕಣಗಿಲೆ ಅಥವಾ ನಂದಿಬಟ್ಟಲಿನ ಎಲೆಗೆ ಮೊಟ್ಟೆ ಅಂಟಿಸಿ ಹೊರಟೇಬಿಡುತ್ತದೆ. ಅದರ ದಪ್ಪ ಹಸಿರು ಹುಳದ ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಗುರುತುಗಳಿವೆ. ಅದನ್ನು ಕಂಡು ಹೆದರಿ ಗಿಡಕ್ಕೆಲ್ಲ ಔಷಧಿ ಹೊಡೆಯುವವರಿದ್ದಾರೆ. ಆ ಹುಳ ಕಚ್ಚುವುದಿಲ್ಲ. ಹೊಡೆದ ಔಷಧಿಗೆ ಸೂರಕ್ಕಿ ತನ್ನ ಮರಿಗಳಿಗೆ ಉಣಿಸುವ ಜೇಡ, ಸಣ್ಣ ಹುಳಗಳೂ ಸಾಯುತ್ತವೆ. ಹುಳ ಬೇಡವೆಂದಾದರೆ ಅದಿರುವ ಎಲೆಯನ್ನಷ್ಟೇ ಕಿತ್ತು ದೂರ ಇಡಿ. ಆಮೇಲೆ ಕೈ ತೊಳೆಯಿರಿ, ಕಣಗಿಲೆಯ ಹಾಲು ವಿಷ.