ಬೆಂಕಿಪುರದ ಕುಲುಮೆ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಕಬ್ಬಿಣದ ಕಾರ್ಖಾನೆ ಬರುವುದಕ್ಕೆ ಮೊದಲಿನ ಹೆಸರು ಅದು. ಆದರೂ ಕಾರ್ಖಾನೆಗೆಂದೇ ಕಾದಿರಿಸಿದ್ದ ಹೆಸರಿನಂತೆ ನನಗೆ ತೋರುತ್ತದೆ. ಶಿವಮೊಗ್ಗೆಯಿಂದ ಬೀರೂರಿನ ಕಡೆಗೆ ರಾತ್ರಿಯ ರೈಲಿನಲ್ಲಿ ಹೋಗುತ್ತಿದ್ದಾಗ ಆ ಊರಿನ ಮೇಲಿನ ಆಕಾಶ ಕೆಂಪಾಗುತ್ತಿದ್ದುದನ್ನು ಕಂಡವರಲ್ಲಿ ನಾನೂ ಒಬ್ಬ. ಈಚೆಗೆ ಅದೇ ದಾರಿಯಲ್ಲಿ ಹೋದಾಗ ಆಕಾಶ ಕಪ್ಪಾಗಿಯೇ ಇತ್ತು. ಆ ಕೆಂಪು ಆರುತ್ತಿದ್ದಾಗ ಸರ್ಕಾರಗಳು ನಡೆದುಕೊಂಡ ಬಗೆಯನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೈಸೂರು ಸಂಸ್ಥಾನವು 1918ರಲ್ಲಿ ಈ ಸಾಹಸಕ್ಕೆ ಕೈಹಾಕಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಕರಗಿಸುವುದು ಹೇಗೆ? ಮಲೆನಾಡಿನ ಕಾಡೇ ಅದಕ್ಕೆ ಉತ್ತರವಾಯಿತು. ಸೌದೆಯನ್ನು ಗಾಳಿಯಾಡದ ಗೂಡಿನಲ್ಲಿ ಬೇಯಿಸಿ ಇದ್ದಿಲು ಮಾಡಿದರು. ಹೊರಬಿದ್ದ ಹೊಗೆಯನ್ನೂ ಬಿಡದೆ ತಂಪುಗೊಳಿಸಿ ಡಾಂಬರು, ಮರದ ಮದ್ಯಸಾರಗಳನ್ನು ಇಳಿಸಿಕೊಂಡರು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. 1923ರ ಜನವರಿಯಲ್ಲಿ ಕುಲುಮೆ ಉರಿಯಿತು.

ಉರಿಯುತ್ತಲೇ ನಷ್ಟವೂ ಆರಂಭವಾಯಿತು. ಮಹಾಯುದ್ಧದ ಕಾಲದ ಬೆಲೆಯನ್ನು ನಂಬಿ ಹಾಕಿದ ಲೆಕ್ಕ, ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದೊಡನೆ ತಲೆಕೆಳಗಾಯಿತು. ಬಿಳಿಯಾನೆಯೆಂದು ಆಡಿಕೊಂಡವರು ಆಗಲೂ ಇದ್ದರು. ಸಂಸ್ಥಾನ ಆಗ ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿ, ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಒಪ್ಪಿಸಿತು. 1929ರವರೆಗೆ ಅವರು ವೆಚ್ಚವನ್ನು ಬಿಗಿಹಿಡಿದು, ವಿದೇಶೀ ತಜ್ಞರ ಸ್ಥಾನಗಳಿಗೆ ನಮ್ಮವರನ್ನು ತರಬೇತುಗೊಳಿಸಿ, ಕಾರ್ಖಾನೆಯನ್ನು ದಡ ಸೇರಿಸಿದರು. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಕಸುಬು ಕಲಿಸುವ ಶಾಲೆಯೊಂದಕ್ಕೆ ಬಿಟ್ಟುಕೊಟ್ಟರು. 1936ರಲ್ಲಿ ಉಕ್ಕೂ ಬಂತು.

ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದರಲ್ಲಿ ಒಂದು ಸೂಕ್ಷ್ಮವುಂಟು. ಆ ಕಾಲದ ಸಂಕಟ ಬೆಲೆಯದು, ಆಡಳಿತದ್ದು. ಕಾಡು, ಅದಿರು, ನೀರು ಕೈಯಳತೆಯಲ್ಲೇ ಇದ್ದವು. ಮುಂದಿನ ಸಂಕಟ ಬುಡದ್ದೇ. ಕಾಡು ಸವೆಯಿತು. ಜೋಗದ ವಿದ್ಯುತ್ತನ್ನು ನಂಬಿ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳನ್ನು ಹೂಡಿದರು; ವಿದ್ಯುತ್ತೂ ಕ್ರಮೇಣ ದುಬಾರಿಯಾಯಿತು. ಕೋಕಿಗೆ ತಿರುಗಿದರೆ ಅದು ದೂರದಿಂದ ಬರಬೇಕು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆಯೂ ನಿಂತ ಮೇಲೆ, ಅದಿರಿನ ನಾಡಿನ ನಡುವೆ ಕುಳಿತ ಕಾರ್ಖಾನೆ ಅದಿರನ್ನು ಕೊಂಡು ತರುವಂತಾಯಿತು. ನೂರಾರು ಮೈಲಿಯಾಚೆ ಗಣಿಗಳನ್ನಿಟ್ಟುಕೊಂಡ ದೊಡ್ಡ ಕಾರ್ಖಾನೆಗಳ ಎದುರು, ಸಣ್ಣ ಪ್ರಮಾಣದಲ್ಲಿ ವಿಶೇಷ ಉಕ್ಕನ್ನು ಮಾಡುವ ಇದು ಹೇಗೆ ನಿಂತೀತು?

ಸರ್ಕಾರಗಳು ಇದಕ್ಕೆ ಕಂಡುಕೊಂಡ ಮದ್ದು ಬಹುಮಟ್ಟಿಗೆ ಒಡೆತನ ಬದಲಾವಣೆ. 1989ರಲ್ಲಿ ರಾಜ್ಯವು ಕಾರ್ಖಾನೆಯನ್ನು ಭಾರತೀಯ ಉಕ್ಕು ಪ್ರಾಧಿಕಾರಕ್ಕೆ ಒಪ್ಪಿಸಿತು. 1998ರಲ್ಲಿ ಅದು ಅದರೊಳಗೇ ವಿಲೀನವಾಯಿತು. 2016ರಲ್ಲಿ ಕೇಂದ್ರವು ಮಾರಾಟಕ್ಕೆ ತಾತ್ವಿಕ ಒಪ್ಪಿಗೆಯಿತ್ತಿತು. ಕೊಳ್ಳುವವರು ಮುಂದೆ ಬರಲಿಲ್ಲ. 2022ರಲ್ಲಿ ಮಾರಾಟದ ಪ್ರಕ್ರಿಯೆ ಕೈಬಿಟ್ಟು, 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರಕ್ಕೆ ಬಂದರು. ಗಣಿಯಿಲ್ಲ, ಯಂತ್ರಗಳು ಹಳೆಯವು ಎಂದು ಕಾರಣ ಕೊಟ್ಟರು. ಮನೆಗೆ ಅಕ್ಕಿ ತರದಿದ್ದವರು ಒಲೆ ಉರಿಯುವುದಿಲ್ಲವೆಂದು ದೂರಿದಂತಿದೆ ಇದು. ಗಣಿ ಕೊಡುವುದೂ ಯಂತ್ರ ಹೊಸದು ಮಾಡುವುದೂ ಯಾರ ಕೈಯಲ್ಲಿತ್ತು?

ಗೇಟಿನ ಮುಂದೆ ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರ ಪರವಾದ ಧರಣಿ ಆರಂಭವಾಯಿತು. ಕಾಯಂ ನೌಕರರಿಗೆ ಬೇರೆ ಊರಿಗೆ ವರ್ಗವಾದೀತು. ಇವರಿಗೆ ಹೋಗಲು ಬೇರೆ ಊರಿಲ್ಲ. ಅಲ್ಲಿ ಕಂಡ ಒಬ್ಬ ಹಿರಿಯ ಕಾರ್ಮಿಕರು, "ನಮ್ಮ ತಂದೆಯೋರು ಇಲ್ಲಿ ದುಡಿದ್ರು ಸ್ವಾಮಿ, ನಾನೂ ದುಡಿದೆ, ಮಗನಿಗೆ ಮಾತ್ರ ಬೆಂಗಳೂರಿಗೆ ಹೋಗಪ್ಪಾ ಅಂದೆ" ಎಂದರು. ಹಾಗೆಂದವರ ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

2023ರ ಆಗಸ್ಟಿನಲ್ಲಿ ಕಾರ್ಖಾನೆಯ ಒಂದು ಭಾಗ ಮತ್ತೆ ಚಾಲನೆಗೊಂಡಿತು. ಹೊರಗಿನಿಂದ ತಂದ ಉಕ್ಕಿನ ದಿಮ್ಮಿಗಳನ್ನು ಕಾಯಿಸಿ ಸರಳಾಗಿ ಎಳೆಯುವ ಕೆಲಸ ಅದು. 2024ರ ಜೂನಿನಲ್ಲಿ ಉಕ್ಕು ಸಚಿವ ಕುಮಾರಸ್ವಾಮಿಯವರು ಬಂದು ನೋಡಿ, ಪುನಶ್ಚೇತನದ ಭರವಸೆ ನೀಡಿದರು. ಸರಳು ಎಳೆಯುವ ಗಿರಣಿಗೂ ಬೆಂಕಿ ಬೇಕು, ನಿಜ. ಆದರೆ ಅದಿರು ಕರಗಿ ಕಬ್ಬಿಣವಾಗಿ ಹರಿಯುವಾಗಿನ ಬೆಂಕಿ ಬೇರೆ. ರೈಲಿನ ಕಿಟಕಿಗೆ ಕಾಣುತ್ತಿದ್ದುದು ಆ ಬೆಂಕಿ.